ಅಟ್ಟದಿಂದಿಳಿದ ಎಂಜಿನ್‌ಗೆ ಆತುರ ಬೇಡ

ಪ್ರಶ್ನೆ: ಅಣ್ಣ ಕಾಲೇಜಿನ ಎನ್‌ಸಿಸಿ ಏರ್‌ವಿಂಗ್‌ನಲ್ಲಿದ್ದಾಗ ಕೊಂಡಿದ್ದ ಅರೋರಾ 3.5 ಸಿಸಿ ಡೀಸೆಲ್ ಎಂಜಿನ್ ಅಟ್ಟದಲ್ಲಿ ಸಿಕ್ಕಿತು. ಡಬ್ಬಿ ಸಮೇತ ಇದೆ, ಮಾದರಿ ವಿಮಾನಕ್ಕೆ ಕೂರಿಸಿದ ಗುರುತಿಲ್ಲ. ಆದರೆ ಶಾಫ್ಟ್ ತಿರುಗುವುದೇ ಇಲ್ಲ. ಪಕ್ಕಡಿನಲ್ಲಿ ಹಿಡಿದು ತಿರುಗಿಸಬಹುದೇ? ಹೊಸ ಎಂಜಿನನ್ನು ಪಳಗಿಸುವ ಕ್ರಮವನ್ನೂ ತಿಳಿಸಿ.
– ಓದುಗರೊಬ್ಬರು, ಉರ್ವ

ಉತ್ತರ: ಪಕ್ಕಡನ್ನು ದಯವಿಟ್ಟು ದೂರ ಇಡಿ. ಕೋಲ್ಕತ್ತದಲ್ಲಿ ತಯಾರಾದ ಈ ಎಂಜಿನ್‌ಗೆ ಬಿಡಿಭಾಗ ಹುಡುಕುವುದು ಇವತ್ತು ಸುಲಭವಲ್ಲ. ಬಹುಮಟ್ಟಿಗೆ ಒಳಗೆ ಏನೂ ಕೆಟ್ಟಿರುವುದಿಲ್ಲ, ಹಳೆಯ ಹರಳೆಣ್ಣೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ ಅಷ್ಟೆ. ತಲೆಯ ಮೇಲಿನ ಕಂಪ್ರೆಷನ್ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ. ಹೇರ್ ಡ್ರೈಯರ್‌ನಿಂದ ಸಿಲಿಂಡರನ್ನು ಕೈಗೆ ಸುಡುವಷ್ಟು ಬಿಸಿ ಮಾಡಿ. ಪ್ರೊಪೆಲ್ಲರ್ ಕಟ್ಟಿ, ಬಟ್ಟೆ ಸುತ್ತಿದ ಕೈಯಲ್ಲಿ ಹಿಂದೆ ಮುಂದೆ ಮೆಲ್ಲನೆ ಅಲ್ಲಾಡಿಸಿ. ಜಗ್ಗದಿದ್ದರೆ ತಣಿಯಲು ಬಿಟ್ಟು, ಎಕ್ಸಾಸ್ಟ್ ಕಿಂಡಿಯಿಂದ ಚಿಮಿಣಿ ಎಣ್ಣೆ ಹನಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಎಣ್ಣೆ ಒರೆಸಿ ಮತ್ತೆ ಬಿಸಿ ಮಾಡಿ. ಮೊದಲು ಕೂದಲೆಳೆಯಷ್ಟು ಸರಿಯುತ್ತದೆ, ಕಿಂಡಿಯಲ್ಲಿ ಕಂದು ಬಣ್ಣದ ಅಂಟು ಕಾಣುತ್ತದೆ, ಆಮೇಲೆ ಒಮ್ಮೆಗೇ ಬಿಡುತ್ತದೆ.

ಇನ್ನು ಪಳಗಿಸುವುದು. ಇಂಥ ಹಳೆಯ ಡೀಸೆಲ್‌ಗಳಲ್ಲಿ ಪಿಸ್ಟನ್‌ಗೆ ರಿಂಗ್ ಇಲ್ಲ. ಉಕ್ಕಿನ ಸಿಲಿಂಡರಿನೊಳಗೆ ಪಿಸ್ಟನ್ನನ್ನು ಉಜ್ಜಿ ಉಜ್ಜಿ ಕೂರಿಸಿರುತ್ತಾರೆ, ಒತ್ತಡ ನಿಲ್ಲುವುದು ಆ ಬಿಗಿತದಿಂದಲೇ. ಕಣ್ಣಿಗೆ ಕಾಣದ ಏರುತಗ್ಗುಗಳು ಒಂದಕ್ಕೊಂದು ಉಜ್ಜಿ ನಯವಾಗಬೇಕು. ಹೊಸ ಕಡೆಯುವ ಕಲ್ಲಿನ ಮೊದಲ ಹಿಟ್ಟನ್ನು ಯಾರೂ ದೋಸೆ ಹೊಯ್ಯುವುದಿಲ್ಲವಷ್ಟೆ? ಈ ಎಂಜಿನ್‌ನಿಂದಲೂ ಮೊದಲ ದಿನವೇ ಪೂರ್ತಿ ಶಕ್ತಿ ಕೇಳಬಾರದು.

ಇಂಧನಕ್ಕೆ ಈಥರ್, ಚಿಮಿಣಿ ಎಣ್ಣೆ, ಹರಳೆಣ್ಣೆ ಮೂರೂ ಸಮಪಾಲು. ಹರಳೆಣ್ಣೆಯ ಪಾಲನ್ನು ಮಾತ್ರ ಕಡಿಮೆ ಮಾಡಲೇಬೇಡಿ. ಬೇರೆ ಎಣ್ಣೆಗಳು ಸುಟ್ಟುಹೋಗುವ ಬಿಸಿಯಲ್ಲೂ ಅದು ಲೋಹಕ್ಕೆ ಹಿಡಿದುಕೊಂಡೇ ಇರುತ್ತದೆ. ಮೆಡಿಕಲ್ ಅಂಗಡಿಯ ಶುದ್ಧ ಎಣ್ಣೆ ಆಗುತ್ತದೆ, ಮನೆಯಲ್ಲಿ ಕುದಿಸಿ ತೆಗೆದದ್ದು ಬೇಡ, ಅದರಲ್ಲಿ ನೀರೂ ಗಸಿಯೂ ಉಳಿದಿರುತ್ತದೆ. ಈಥರ್ ಕುದಿಯುವುದು ಸುಮಾರು 35 ಡಿಗ್ರಿಯಲ್ಲಿ. ನಮ್ಮ ಏಪ್ರಿಲ್ ಮಧ್ಯಾಹ್ನದ ಸೆಕೆಗೆ ಬಾಟಲಿ ಬಿಚ್ಚಿದರೆ ಅರ್ಧ ಹಾರಿಯೇ ಹೋಗುತ್ತದೆ, ಆ ಆವಿಗೆ ಒಂದು ಕಿಡಿ ಸಾಕು. ಬೆಳಿಗ್ಗೆ, ಬಯಲಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಬೆರೆಸಿ. ವರ್ಷಗಟ್ಟಲೆ ಇಟ್ಟ ಹಳೆಯ ಈಥರ್ ಬಾಟಲಿ ಸಿಕ್ಕಿದರೆ ಮುಚ್ಚಳವನ್ನೇ ಮುಟ್ಟಬೇಡಿ. ಅದರಲ್ಲಿ ಸಿಡಿಯುವ ಪೆರಾಕ್ಸೈಡ್ ಕೂಡಿರಬಹುದು.

ಹಲಸಿನ ಹಲಗೆಗೆ ಎಂಜಿನನ್ನು ಬೋಲ್ಟ್ ಹಾಕಿ ಭದ್ರ ಮಾಡಿ. 9 ಇಂಚು ಉದ್ದ, 4 ಇಂಚು ಪಿಚ್‌ನ ಮರದ ಪ್ರೊಪೆಲ್ಲರ್ ಸಾಕು. ಶುರು ಮಾಡುವಾಗ ಪ್ರೊಪೆಲ್ಲರ್ ನಡುವೆ ತಡೆದರೆ ಒತ್ತಬೇಡಿ. ಸಿಲಿಂಡರಿನಲ್ಲಿ ಇಂಧನ ತುಂಬಿಕೊಂಡಿರುತ್ತದೆ, ಬಲ ಹಾಕಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಕ್ರೂ ಸಡಿಲಿಸಿ, ಎಂಜಿನನ್ನು ಬೋರಲು ಹಾಕಿ ಇಂಧನ ಸುರಿದುಬಿಡಿ. ಹತ್ತಿಕೊಂಡ ಮೇಲೆ ನೀಡಲ್ ತೆರೆದು ಇಂಧನ ಹೆಚ್ಚು ಹೋಗುವಂತೆ, ಕಂಪ್ರೆಷನ್ ತಗ್ಗಿಸಿ, ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ. ಪೂರ್ತಿ ತಣಿಯಲಿ. ಮತ್ತೆ ಓಡಿಸಿ. ಬಿಸಿಯಾಗಿ ತಣಿಯುವ ಈ ಸರದಿಯೇ ಮುಖ್ಯ. ಎಡೆಬಿಡದೆ ಅರ್ಧ ಗಂಟೆ ಓಡಿಸಿದರೆ ಆ ಗುಣ ಬಾರದು. ಎಕ್ಸಾಸ್ಟ್ ಕೆಳಗೆ ಬಿಳಿ ಕಾಗದ ಇಡಿ. ಮೊದಮೊದಲು ಲೋಹದ ಪುಡಿ ಬೆರೆತ ಬೂದು ಎಣ್ಣೆ ಬೀಳುತ್ತದೆ. ಅದು ತಿಳಿಯಾಗಿ ಜೇನಿನ ಬಣ್ಣಕ್ಕೆ ತಿರುಗಿದ ಮೇಲೆ ನೀಡಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬನ್ನಿ. ನಡುವೆ ಎಂಜಿನ್ ಏದುಸಿರು ಬಿಟ್ಟಂತೆ ನಿಧಾನವಾದರೆ ಕಂಪ್ರೆಷನ್ ಹೆಚ್ಚಾಯಿತೆಂದೇ ಅರ್ಥ, ತಕ್ಷಣ ಇಳಿಸಿ.

ಪ್ರಶ್ನೆ: ನನ್ನ ಹಳೆಯ ಗ್ಲೋ ಎಂಜಿನ್ ಮೇಲೆ ‘ಎಬಿಸಿ’ ಎಂದಿದೆ. ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿ ಹಿಡಿದು ಕೀರಲುಗುಟ್ಟುತ್ತದೆ. ಇದನ್ನೂ ಇಂಧನ ಹೆಚ್ಚು ಬಿಟ್ಟು (ರಿಚ್ ಆಗಿ), ತಂಪಾಗಿಯೇ ಓಡಿಸಲೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಬೇಡ. ಅದಕ್ಕೆ ಕ್ರಮವೇ ಬೇರೆ. ಎಬಿಸಿ ಎಂದರೆ ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆಯ (ಬ್ರಾಸ್) ಸಿಲಿಂಡರ್. ಮೇಲ್ಭಾಗವನ್ನು ಬೇಕೆಂದೇ ಕಿರಿದು ಮಾಡಿರುತ್ತಾರೆ. ಬಿಸಿಗೆ ಹಿತ್ತಾಳೆ ಹಿಗ್ಗಿದಾಗಲೇ ಅಳತೆ ಸರಿಹೊಂದುವುದು. ತಂಪಾಗಿ ಓಡಿಸಿದಷ್ಟೂ ಪಿಸ್ಟನ್ ಆ ಕಿರಿದಾದ ಜಾಗದಲ್ಲಿ ಸವೆಯುತ್ತದೆ. ಮೊದಲೇ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಚಾಲೂ ಮಾಡಿ. ಅರ್ಧ ನಿಮಿಷದೊಳಗೆ ನೀಡಲ್ ಬಿಗಿ ಮಾಡಿ ಟು-ಸ್ಟ್ರೋಕ್ ದನಿಗೆ ತನ್ನಿ, ಅಲ್ಲಿಂದ ತುಸು ರಿಚ್ ಕಡೆಗೆ ನಿಲ್ಲಿಸಿ. ಎರಡು ಮೂರು ನಿಮಿಷ ಓಡಿಸಿ ತಣಿಸಿ. ತಣಿಯುವಾಗ ಪಿಸ್ಟನ್ ಕೆಳತುದಿಯಲ್ಲಿರಲಿ, ಮೇಲಿದ್ದರೆ ಸಿಲಿಂಡರ್ ಕುಗ್ಗಿ ಅದನ್ನು ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಮಗ ವಿಮಾನದ ಎಂಜಿನ್‌ಗೆಂದು ಮೆಥನಾಲ್ ತಂದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿಟ್ಟಿದ್ದಾನೆ. ಸ್ಪಿರಿಟ್ ತಾನೇ, ಏನೂ ಆಗದು ಅನ್ನುತ್ತಾನೆ. ನನಗೆ ಹೆದರಿಕೆ.
– ತಾಯಿಯೊಬ್ಬರು, ಬಿಜೈ

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ. ಮೆಥನಾಲ್ ವಿಷ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಅದಕ್ಕೆ ಹತ್ತಿದ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಇವತ್ತೇ ಅಲ್ಲಿಂದ ತೆಗೆಸಿ. ಒಲೆಯಿಂದ ದೂರದ, ಗಾಳಿಯಾಡುವ, ಬೀಗ ಹಾಕುವ ಜಾಗ ಬೇಕು. ನೀರಿನ ಬಾಟಲಿಗೆ ಎಂದೂ ತುಂಬಿಸಬಾರದು, ಡಬ್ಬಿಯ ಮೇಲೆ ‘ವಿಷ’ ಎಂದು ದೊಡ್ಡದಾಗಿ ಬರೆದಿರಬೇಕು, ನಳಿಗೆಯನ್ನು ಬಾಯಲ್ಲಿ ಹೀರಿ ಇಂಧನ ಎಳೆಯುವ ಅಭ್ಯಾಸ ಮಗನಿಗಿದ್ದರೆ ಬಿಡಿಸಿ. ಮುಚ್ಚಳ ಸಡಿಲವಿದ್ದರೆ ನಮ್ಮ ಮಳೆಗಾಲದ ತೇವವನ್ನು ಅದು ಹೀರಿಕೊಳ್ಳುತ್ತದೆ, ಆಮೇಲೆ ಎಂಜಿನ್‌ಗೂ ಕೆಟ್ಟದ್ದು, ಬೇರಿಂಗ್ ತುಕ್ಕು ಹಿಡಿಯುತ್ತದೆ. ಅಕಸ್ಮಾತ್ ಯಾರಾದರೂ ಕುಡಿದರೆ, ಚೆನ್ನಾಗಿಯೇ ಇದ್ದಾರೆಂದು ಕಾಯಬೇಡಿ. ಲಕ್ಷಣ ಕಾಣಿಸಿಕೊಳ್ಳಲು ಹಲವು ಗಂಟೆ ಬೇಕಾಗಬಹುದು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಾಗಲಿ, ಹತ್ತಿರದ ಬೇರೆ ಆಸ್ಪತ್ರೆಯಾಗಲಿ, ಕೂಡಲೇ ಕರೆದೊಯ್ಯಿರಿ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.