ಎಷ್ಟು ಒತ್ತಿದರೂ ಒಂದೇ ಗೆರೆ

ಪ್ರಶ್ನೆ: ನಮ್ಮದು ಕೊಳ್ಳೇಗಾಲ, ಮನೆಯಲ್ಲಿ ಮಗ್ಗ ಇದೆ. ಹಗಲು ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಸೆರಗಿನ ಡಿಸೈನ್ ಮಾಡುತ್ತೇನೆ. ರಾತ್ರಿ ನನ್ನ ಖುಷಿಗೆ ಪೆನ್ ಟ್ಯಾಬ್ಲೆಟ್ ಹಿಡಿದು ಕ್ರಿಟಾ ಸಾಫ್ಟ್‌ವೇರಿನಲ್ಲಿ ಚಿತ್ರ ಬರೆಯುತ್ತೇನೆ. ಹುಲಿ ಮೇಲೆ ಕೂತ ಮಾದಪ್ಪನ ಚಿತ್ರ ಅರ್ಧಕ್ಕೆ ನಿಂತಿದೆ. ಮೊದಲು ಪೆನ್ನನ್ನು ಮೆಲ್ಲಗೆ ಆಡಿಸಿದರೆ ಕೂದಲೆಳೆ, ಒತ್ತಿದರೆ ದಪ್ಪ ಗೆರೆ ಬರುತ್ತಿತ್ತು. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎಷ್ಟು ಒತ್ತಿದರೂ ಒಂದೇ ದಪ್ಪ. ಹನೂರಿನ ಗೆಳೆಯನ ಲ್ಯಾಪ್‌ಟಾಪಿಗೆ ಇದೇ ಟ್ಯಾಬ್ಲೆಟ್ ಹಾಕಿದರೆ ಸರಿಯಾಗಿ ಬರುತ್ತದೆ. ಅಂಗಡಿಯವರು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ. ಯಳಂದೂರಿನಲ್ಲಿರುವ ನನ್ನ ತಂಗಿ ಮೊಬೈಲಿನಲ್ಲಿ ಕಡ್ಡಿ ಪೆನ್ನು ಹಿಡಿದು ಅಲ್ಲಿನ ಬಳೆಮಂಟಪದ ಚಿತ್ರ ಬರೆಯುತ್ತಾಳೆ, ಅವಳಿಗೂ ಇದೇ ಗೋಳು. ಪೆನ್ನಿಗೆ ಒತ್ತಡ ಹೇಗೆ ಗೊತ್ತಾಗುತ್ತದೆ? ಎಲ್ಲಿ ಕೆಟ್ಟಿರಬಹುದು?
— ಓದುಗರು, ಕೊಳ್ಳೇಗಾಲ

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ಅರ್ಧ ಉತ್ತರವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ಹನೂರಿನಲ್ಲಿ ಅದೇ ಪೆನ್ನು, ಅದೇ ಹಲಗೆ ಸರಿಯಾಗಿ ಕೆಲಸ ಮಾಡಿದೆ ಅಂದರೆ ಅವೆರಡೂ ಗಟ್ಟಿಯಾಗಿವೆ. ಕೆಟ್ಟಿರುವುದು ನಿಮ್ಮ ಮನೆಯ ಕಂಪ್ಯೂಟರಿನ ಒಳಗೆ, ಅದೂ ಒಂದು ಸಣ್ಣ ಗುರುತಿನ ಜಾಗದಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಟ್ಯಾಬ್ಲೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಹನೂರಿನ ಬಸ್ಸು ಹತ್ತಿದಿರಲ್ಲ, ಎಷ್ಟೋ ರಿಪೇರಿ ಅಂಗಡಿಗಳಲ್ಲಿ ಮಾಡದ ಪರೀಕ್ಷೆ ಅದು.

ಮೊದಲು ಪೆನ್ನಿನ ಗುಟ್ಟು. ಇಂಥ ಬಹುಪಾಲು ಪೆನ್ನುಗಳಲ್ಲಿ ಈಗ ಬ್ಯಾಟರಿಯೇ ಇರುವುದಿಲ್ಲ. ಹಲಗೆಯ ಅಡಿಯಲ್ಲಿ ತಂತಿಗಳ ಜಾಲವೊಂದಿದೆ. ಅದು ಕ್ಷಣ ಹೊತ್ತು ಕಾಂತೀಯ ಅಲೆಯನ್ನು ಮೇಲಕ್ಕೆ ಕಳಿಸುತ್ತದೆ, ಮರುಕ್ಷಣ ಸುಮ್ಮನಾಗಿ ಕಿವಿಗೊಡುತ್ತದೆ. ಪೆನ್ನಿನೊಳಗೆ ಸುತ್ತಿದ ತಂತಿ ಮತ್ತು ಒಂದು ಕೆಪಾಸಿಟರ್ ಇವೆ. ಅಲೆ ತಗುಲಿದ್ದೇ ಅವೆರಡೂ ಸೇರಿ ತಮ್ಮದೇ ಶ್ರುತಿಯಲ್ಲಿ ಮಿಡಿಯುತ್ತವೆ. ಹಲಗೆ ಆ ಮಿಡಿತವನ್ನು ಕೇಳಿಸಿಕೊಂಡು, ಯಾವ ತಂತಿಯ ಮೇಲೆ ಜೋರಾಗಿ ಕೇಳಿತು ಎಂಬುದರಿಂದ ಪೆನ್ನು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಇನ್ನು ಒತ್ತಡ? ನಿಮ್ಮ ಕಡೆಯ ನೀಲಗಾರರು ಮಂಟೇಸ್ವಾಮಿ ಕಥೆ ಹಾಡುವ ಮುನ್ನ ತಂಬೂರಿಯ ಬಿರಡೆ ತಿರುವುವುದನ್ನು ನೋಡಿರುತ್ತೀರಿ. ಒಂದು ಕೂದಲಷ್ಟು ತಿರುವಿದರೂ ಶ್ರುತಿ ಬದಲಾಗುತ್ತದೆ, ಬಲ್ಲ ಕಿವಿಗೆ ಅದು ತಿಳಿಯುತ್ತದೆ. ಇಲ್ಲಿ ಬಿರಡೆಯ ಕೆಲಸ ಮಾಡುವುದು ನಿಬ್ಬು. ನೀವು ಒತ್ತಿದಾಗ ಅದು ಕಣ್ಣಿಗೆ ಕಾಣದಷ್ಟು ಒಳಕ್ಕೆ ಸರಿದು ಪೆನ್ನಿನ ಶ್ರುತಿಯನ್ನು ಚೂರು ಅಲುಗಿಸುತ್ತದೆ. ಆ ಚೂರನ್ನು ಹಲಗೆ ಅಂಕಿಯಾಗಿಸುತ್ತದೆ. 1983ರಲ್ಲಿ ಹುಟ್ಟಿದ ಜಪಾನಿನ ವಾಕಮ್ ಕಂಪನಿ ಈ ವಿದ್ಯೆಯನ್ನು ಬೆಳೆಸಿತು. ಈಗ ಹ್ಯೂಯಾನ್, ಎಕ್ಸ್‌ಪಿ ಪೆನ್ ಮುಂತಾದ ಕಂಪನಿಗಳ ಅಗ್ಗದ ಹಲಗೆಗಳಲ್ಲೂ ಇದೇ ತತ್ವ.

ಪೆಟ್ಟಿಗೆಯ ಮೇಲೆ 8192 ಎಂದು ದೊಡ್ಡದಾಗಿ ಬರೆದಿರುತ್ತಾರೆ. ಎರಡನ್ನು ಎರಡರಿಂದಲೇ ಗುಣಿಸುತ್ತ ಹೋಗಿ 13 ಎರಡುಗಳಾದಾಗ ಸಿಗುವ ಸಂಖ್ಯೆ ಅದು. ಒತ್ತಡವನ್ನು ಅಷ್ಟು ಮೆಟ್ಟಿಲಾಗಿ ಒಡೆದು ನೋಡುತ್ತದೆ ಎಂದರ್ಥ. ನನ್ನ ಕೇಳಿದರೆ 2048 ಇದ್ದರೆ ಧಾರಾಳ. 40 ಪಿಕ್ಸೆಲ್ ದಪ್ಪದ ಬ್ರಶ್ಶಿಗೆ 8192 ಮೆಟ್ಟಿಲು ಕೊಟ್ಟು ಮಾಡುವುದೇನು? ಆ ಅಂಕಿ ನೋಡಿ ದುಡ್ಡು ಹೆಚ್ಚು ಕೊಡಬೇಡಿ.

ಈಗ ನಿಮ್ಮ ಕಷ್ಟಕ್ಕೆ ಬರೋಣ. ಕೊನೆಯ ಗದ್ದೆಗೆ ನೀರು ಬರಲಿಲ್ಲ ಅಂದರೆ ಯಾರೂ ಕೆರೆ ಒಡೆಯುವುದಿಲ್ಲ, ತೂಬಿನಿಂದ ಹಿಡಿದು ಕಾಲುವೆಯುದ್ದಕ್ಕೂ ನಡೆದು ನೋಡುತ್ತಾರೆ. ಒತ್ತಡವೂ ಹಾಗೆ ಹರಿದು ಬರುವಂಥದ್ದು. ಪೆನ್ನಿನಿಂದ ಹಲಗೆಗೆ, ಹಲಗೆಯಿಂದ ಡ್ರೈವರ್ ಎಂಬ ಪುಟ್ಟ ಸಾಫ್ಟ್‌ವೇರಿಗೆ, ಅಲ್ಲಿಂದ ವಿಂಡೋಸ್ ದಾಟಿ ಕ್ರಿಟಾಗೆ, ಕ್ರಿಟಾದ ಒಳಗೆ ನೀವು ಆರಿಸಿಕೊಂಡ ಬ್ರಶ್ಶಿಗೆ. ಎಲ್ಲಿಯವರೆಗೆ ನೀರಿದೆ ಎಂದು ತಿಳಿದರೆ ಎಲ್ಲಿ ಕಟ್ಟಿಕೊಂಡಿದೆ ಎಂಬುದು ತಾನೇ ತಿಳಿಯುತ್ತದೆ.

ಮೊದಲ ನಿಲ್ದಾಣ ಡ್ರೈವರ್. ಟ್ಯಾಬ್ಲೆಟ್ ಕಂಪನಿಯ ಸೆಟ್ಟಿಂಗ್ ಕಿಟಕಿ ತೆರೆದರೆ ಒತ್ತಡ ಪರೀಕ್ಷಿಸುವ ಜಾಗವೊಂದು ಇರುತ್ತದೆ. ಅಲ್ಲಿ ಪೆನ್ನು ಒತ್ತಿ ನೋಡಿ. ಪಟ್ಟಿ ಏರಿ ಇಳಿದರೆ ಅಲ್ಲಿಯವರೆಗೆ ನೀರು ಬಂದಿದೆ. ಆ ಕಿಟಕಿಯೇ ತೆರೆಯದೆ, ಅಥವಾ ಸಾಧನ ಸಿಕ್ಕಿಲ್ಲ ಎಂದು ಹೇಳಿದರೆ ಡ್ರೈವರ್ ಮಲಗಿದೆ. ಕರೆಂಟು ಹೋಗಿ ಬಂದು, ಕಂಪ್ಯೂಟರ್ ನಿದ್ದೆಯಿಂದ ಎದ್ದಾಗ ಹೀಗಾಗುವುದುಂಟು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಪರದೆಯ ಮೂಲೆಯಲ್ಲಿರುವ ಅದರ ಚಿಹ್ನೆಯಿಂದ ಡ್ರೈವರನ್ನು ಮುಚ್ಚಿ ಮತ್ತೆ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎರಡನೆಯದು ಕ್ರಿಟಾ. (ಸ್ವೀಡನ್ನಿನ ಭಾಷೆಯಲ್ಲಿ ಆ ಪದಕ್ಕೆ ಬಳಪ ಎಂದರ್ಥ. ಪುಕ್ಕಟೆ ಸಿಗುವ ಸಾಫ್ಟ್‌ವೇರಿಗೆ ಒಳ್ಳೆಯ ಹೆಸರು.) ಸೆಟ್ಟಿಂಗ್ಸ್ ಮೆನುವಿನಲ್ಲಿ ಕಾನ್ಫಿಗರ್ ಕ್ರಿಟಾ, ಅದರಲ್ಲಿ ಟ್ಯಾಬ್ಲೆಟ್ ಸೆಟ್ಟಿಂಗ್ಸ್, ಅಲ್ಲಿ ಟ್ಯಾಬ್ಲೆಟ್ ಟೆಸ್ಟರ್ ಎಂಬ ಬಟನ್. ಅದನ್ನು ಒತ್ತಿದರೆ ಒಂದು ಬದಿಯಲ್ಲಿ ಗೀಚಲು ಜಾಗ, ಇನ್ನೊಂದು ಬದಿಯಲ್ಲಿ ಸಾಲುಸಾಲಾಗಿ ಇಂಗ್ಲಿಷ್ ಬರಹ ಬರುತ್ತದೆ. ನಿಮ್ಮ ಕಣ್ಣು ಹುಡುಕಬೇಕಾದ್ದು ಎರಡೇ ಪದ. ಸಾಲುಗಳಲ್ಲಿ 'ಸ್ಟೈಲಸ್' ಎಂದು ಬಂದು, ಒತ್ತಿದಂತೆ ಶೇಕಡಾ ಲೆಕ್ಕ ಏರುತ್ತಿದ್ದರೆ ಕ್ರಿಟಾಗೆ ಒತ್ತಡ ತಲುಪುತ್ತಿದೆ. ಬರೀ 'ಮೌಸ್' ಎಂದಷ್ಟೇ ಬರುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ.

ಏಕೆಂದರೆ ಡ್ರೈವರ್ ಎರಡು ವೇಷ ಹಾಕುತ್ತದೆ. ಪೆನ್ನಿನ ಭಾಷೆ ಅರ್ಥವಾಗದ ಸಾಫ್ಟ್‌ವೇರ್ ಎದುರಾದರೆ ಅದು ಇಲಿಯ ವೇಷದಲ್ಲಿ ಹೋಗುತ್ತದೆ. ಮೌಸಿಗೆ ಒತ್ತುವುದು, ಬಿಡುವುದು ಎರಡೇ ಗೊತ್ತು, ಎಷ್ಟು ಒತ್ತಿದಿರಿ ಎಂಬುದು ಗೊತ್ತಿಲ್ಲ. ಅದಕ್ಕೇ ಬಾಣ ಓಡಾಡುತ್ತದೆ, ಗೆರೆ ಬೀಳುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ, ದಪ್ಪ ಮಾತ್ರ ಬದಲಾಗುವುದಿಲ್ಲ. ನಿಮ್ಮ ಪತ್ರದ ವರ್ಣನೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ವಿಂಡೋಸಿನಲ್ಲಿ ಪೆನ್ನಿನ ಭಾಷೆಗಳೂ ಎರಡು. ಒಂದು 1990ರ ದಶಕದ ಆರಂಭದಿಂದ ಇರುವ ವಿನ್‌ಟ್ಯಾಬ್. ಇನ್ನೊಂದು ಮೈಕ್ರೋಸಾಫ್ಟಿನದೇ ಆದ, 2016ರಿಂದ ವಿಂಡೋಸ್ ಇಂಕ್ ಎಂಬ ಹೆಸರಿನಲ್ಲಿ ಓಡಾಡುತ್ತಿರುವ ವ್ಯವಸ್ಥೆ. ಡ್ರೈವರಿನ ಕಿಟಕಿಯಲ್ಲಿ ವಿಂಡೋಸ್ ಇಂಕ್ ಬಳಸಬೇಕೇ ಎಂದು ಕೇಳುವ ಚೌಕವೊಂದಿದೆ. ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲೂ ಇವೆರಡರಲ್ಲಿ ಒಂದನ್ನು ಆರಿಸುವ ಜಾಗವಿದೆ. ಡ್ರೈವರಿನಲ್ಲಿ ಗುರುತಿದ್ದರೆ ಕ್ರಿಟಾದಲ್ಲೂ ಇಂಕ್ ಆರಿಸಿ, ಅಲ್ಲಿ ಗುರುತು ತೆಗೆದರೆ ಇಲ್ಲಿ ವಿನ್‌ಟ್ಯಾಬ್. ಆಮೇಲೆ ಕ್ರಿಟಾ ಮುಚ್ಚಿ ಮತ್ತೆ ತೆರೆಯಬೇಕು, ಇಲ್ಲದಿದ್ದರೆ ಬದಲಾವಣೆ ನಾಟುವುದಿಲ್ಲ. ಅಪ್‌ಡೇಟ್ ಆದ ಮೇಲೆ ಒಂದು ಕಡೆಯ ಗುರುತು ಬದಲಾಗಿ, ಒಬ್ಬರು ಕನ್ನಡದಲ್ಲಿ ಕೇಳಿದರೆ ಇನ್ನೊಬ್ಬರು ತಮಿಳಿನಲ್ಲಿ ಉತ್ತರ ಕೊಟ್ಟಂತೆ ಆಗಿರುತ್ತದೆ. ಹನೂರಿನವರಾದರೆ ಎರಡೂ ಭಾಷೆಯಲ್ಲಿ ನಿಭಾಯಿಸಿಬಿಡುತ್ತಾರೆ, ಕಂಪ್ಯೂಟರಿಗೆ ಆ ಜಾಣತನ ಇಲ್ಲ.

ಯಾವುದು ಮೇಲು ಎಂದು ಕೇಳಬೇಡಿ, ಎರಡೂ ಕಡೆ ಒಂದೇ ಇದ್ದರೆ ಸಾಕು. ಕ್ಲಿಪ್ ಸ್ಟುಡಿಯೋ ಪೇಂಟಿನಲ್ಲಿ ಇದೇ ಆಯ್ಕೆ ಪ್ರಿಫರೆನ್ಸಸ್‌ನ ಟ್ಯಾಬ್ಲೆಟ್ ಪುಟದಲ್ಲಿದೆ. ಅಲ್ಲಿ ಇಂಕ್ ಎಂದು ಬರೆದಿರುವುದಿಲ್ಲ, ಟ್ಯಾಬ್ಲೆಟ್ ಪಿಸಿ ಎಂದಿರುತ್ತದೆ. ಫೋಟೋಶಾಪ್ 2014ರ ಆವೃತ್ತಿಯಿಂದ ಮೈಕ್ರೋಸಾಫ್ಟಿನ ದಾರಿಯನ್ನೇ ಹಿಡಿದಿದೆ, ಹಾಗಾಗಿ ಅದರ ಜೊತೆ ಡ್ರೈವರಿನ ಇಂಕ್ ಗುರುತು ಇಟ್ಟುಕೊಳ್ಳುವುದೇ ಸುಲಭ.

ಗುರುತುಗಳೆಲ್ಲ ಸರಿಯಿದ್ದೂ ಮೌಸ್ ಎಂದೇ ಬರುತ್ತಿದ್ದರೆ ಒಂದು ನೆನಪು ಮಾಡಿಕೊಳ್ಳಿ: ಇದೇ ಕಂಪ್ಯೂಟರಿಗೆ ಹಿಂದೆ ಯಾವಾಗಲಾದರೂ ಬೇರೆ ಕಂಪನಿಯ ಟ್ಯಾಬ್ಲೆಟ್ ಹಾಕಿದ್ದಿರಾ? ನಾನು ಹಾಕಿದ್ದೆ. ಹಳೆಯ ಟ್ಯಾಬ್ಲೆಟ್ ಮಾರಿ ಹೊಸದು ತಂದೆ, ಹಳೆಯದರ ಡ್ರೈವರ್ ತೆಗೆಯಲು ಮರೆತೆ. ಎರಡೂ ಡ್ರೈವರ್‌ಗಳು ವಿಂಡೋಸಿನ ಒಳಮನೆಯಲ್ಲಿ ವಿನ್‌ಟ್ಯಾಬ್‌ನ ಒಂದೇ ಹೆಸರಿನ ಫೈಲನ್ನು ಇಡುತ್ತವೆ, ಒಂದು ಬಂದು ಇನ್ನೊಂದನ್ನು ಅಳಿಸುತ್ತದೆ. ಒಂದೇ ಬಸ್ಸಿಗೆ ಇಬ್ಬರು ಡ್ರೈವರ್ ಕೂತ ಹಾಗೆ. ಮೂರು ದಿನ ಬ್ರಶ್ಶಿನ ಸೆಟ್ಟಿಂಗುಗಳನ್ನೆಲ್ಲ ಕೆದಕಿ, ಪೆನ್ನನ್ನು ಬೈದು, ಕೊನೆಗೆ ಎರಡನ್ನೂ ತೆಗೆದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಹೊಸದೊಂದನ್ನೇ ಹಾಕಿದೆ. ಹತ್ತು ನಿಮಿಷದ ಕೆಲಸ. ಡ್ರೈವರನ್ನು ಟ್ಯಾಬ್ಲೆಟ್ ಕಂಪನಿಯ ಜಾಲತಾಣದಿಂದಲೇ, ನಿಮ್ಮ ಮಾಡೆಲ್ ಸಂಖ್ಯೆ ನೋಡಿ ಇಳಿಸಿಕೊಳ್ಳಿ. ಸಂಖ್ಯೆ ಹಲಗೆಯ ಬೆನ್ನ ಮೇಲಿರುತ್ತದೆ.

ಟೆಸ್ಟರಿನಲ್ಲಿ ಒತ್ತಡ ಸರಿಯಾಗಿ ಬರುತ್ತಿದ್ದು ಚಿತ್ರದಲ್ಲಿ ಮಾತ್ರ ಬರದಿದ್ದರೆ ತಪ್ಪು ಬ್ರಶ್ಶಿನದು. ಎಲ್ಲ ಬ್ರಶ್ಶೂ ಒತ್ತಡ ಕೇಳುವುದಿಲ್ಲ. ಬ್ರಶ್ ಎಡಿಟರ್ ತೆರೆದು ಸೈಜ್ ಎಂಬಲ್ಲಿ ಪ್ರೆಶರ್ ಗುರುತು ಇದೆಯೇ ನೋಡಿ. ನಿಬ್ಬಿನ ಬಗ್ಗೆ ನಿಮಗೆ ಈಗ ಚಿಂತೆ ಬೇಡ, ಆದರೆ ಪೆನ್ನನ್ನು ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಿ. ಇಡೀ ರಾತ್ರಿ ನಿಬ್ಬಿನ ಮೇಲೆ ಭಾರ ಬಿದ್ದು ಒಳಗಿನ ಸೂಕ್ಷ್ಮ ಹಾಳಾಗಬಹುದು. ಆಗ ಇದಕ್ಕೆ ತದ್ವಿರುದ್ಧದ ರೋಗ ಬರುತ್ತದೆ: ಪೆನ್ನು ತಾಗದೆಯೂ ಗೆರೆ ಎಳೆಯುತ್ತದೆ.

ನಿಮ್ಮ ಹಗಲಿನ ಕೆಲಸದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮಾದಪ್ಪನ ಹುಲಿಯ ಮೀಸೆಗೆ ಒತ್ತಡ ಬೇಕು. ಸೀರೆಯ ಅಂಚಿಗೆ ಬೇಡ. ಜಕಾರ್ಡ್ ಮಗ್ಗದಲ್ಲಿ ಹಾಸಿನ ಎಳೆ ಒಂದೋ ಮೇಲೇಳುತ್ತದೆ ಇಲ್ಲವೋ ಕೆಳಗೇ ಉಳಿಯುತ್ತದೆ. ಅರ್ಧ ಏಳುವ ಎಳೆ ಎಂಬುದಿಲ್ಲ. ಗ್ರಾಫಿನ ಮನೆ ತುಂಬಿದೆಯೋ ಖಾಲಿಯೋ, ಕಾರ್ಡಿನಲ್ಲಿ ತೂತು ಇದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ. ಒತ್ತಡದ ಬ್ರಶ್ಶಿನಲ್ಲಿ ಬುಟ್ಟಾ ಬರೆದರೆ ಅಂಚಿನಲ್ಲೆಲ್ಲ ಅರೆಬಣ್ಣದ ಚುಕ್ಕಿಗಳು ಉಳಿದು, ಕಾರ್ಡ್ ಮಾಡುವವರು ಇದನ್ನು ತೂತು ಮಾಡಲೋ ಬಿಡಲೋ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಅದಕ್ಕೆ ಡಿಸೈನಿಗೆ ಕ್ರಿಟಾದ ಪಿಕ್ಸೆಲ್ ಆರ್ಟ್ ಬ್ರಶ್ಶನ್ನು, ಫೋಟೋಶಾಪಾದರೆ ಪೆನ್ಸಿಲ್ ಟೂಲನ್ನು ಬಳಸಿ, ಒತ್ತಡ ಆರಿಸಿಡಿ. ಫ್ರಾನ್ಸಿನ ಲಿಯೋನ್ ಊರಿನ ಜಕಾರ್ಡ್ 1804ರ ಹೊತ್ತಿಗೆ ಸಿದ್ಧಪಡಿಸಿದ ಮಗ್ಗದ ಈ ತೂತಿನ ಕಾರ್ಡೇ ಮುಂದೆ ಲೆಕ್ಕದ ಯಂತ್ರಗಳಿಗೆ ದಾಟಿತು. 1890ರಲ್ಲಿ ಅಮೆರಿಕದವರು ಜನಗಣತಿಯನ್ನು ತೂತಿನ ಕಾರ್ಡಿನಲ್ಲೇ ಎಣಿಸಿದರು. ಹಾಗೆ ನೋಡಿದರೆ ನಿಮ್ಮ ಮನೆಯ ಎರಡು ಯಂತ್ರಗಳಲ್ಲಿ ಮಗ್ಗವೇ ಹಿರಿಯಕ್ಕ.

ಇನ್ನು ಯಳಂದೂರಿನ ತಂಗಿಯ ವಿಷಯ. ಅವರದು ಕೆಟ್ಟಿದ್ದಲ್ಲ, ಇಲ್ಲದ್ದು. ಮೊಬೈಲ್ ಅಂಗಡಿಯಲ್ಲಿ ಸಿಗುವ ರಬ್ಬರು ತುದಿಯ ಕಡ್ಡಿ ಬೆರಳಿನ ಬದಲಿ ಅಷ್ಟೇ, ಫೋನಿಗೆ ಅದು ಬೆರಳೆಂದೇ ಕಾಣುತ್ತದೆ. ಯಾವ ಸೆಟ್ಟಿಂಗಿನಿಂದಲೂ ಅದಕ್ಕೆ ಒತ್ತಡ ಬರಿಸಲಾಗದು. ಸ್ಯಾಮ್‌ಸಂಗಿನ ನೋಟ್ ಫೋನುಗಳಲ್ಲಿ 2011ರಿಂದ ಬಂದ ಎಸ್ ಪೆನ್ನಿನಲ್ಲಿ ವಾಕಮ್ ವಿದ್ಯೆಯೇ ಇದೆ, ಒತ್ತಡ ಬರುತ್ತದೆ. ಐಪ್ಯಾಡ್ ಕೊಳ್ಳುವ ಯೋಚನೆ ಇದ್ದರೆ ಎಚ್ಚರ: 2023ರಲ್ಲಿ ಬಂದ, ಯುಎಸ್‌ಬಿ ಸಿ ಇರುವ ಕಡಿಮೆ ಬೆಲೆಯ ಆಪಲ್ ಪೆನ್ಸಿಲ್ ಒತ್ತಡ ಅರಿಯದು, 2015ರ ಮೊದಲನೆಯದು ಅರಿಯುತ್ತದೆ. ಇದು ಗೊತ್ತಿಲ್ಲದೆ ಕೊಂಡು ಪೆಚ್ಚಾದವರನ್ನು ಕಂಡಿದ್ದೇನೆ.

ಸದ್ಯಕ್ಕೆ ಇರುವ ಫೋನಿನಲ್ಲೇ ಬರೆಯಬೇಕೆಂದರೆ ಐಬಿಸ್ ಪೇಂಟಿನಂಥ ಆ್ಯಪ್‌ನಲ್ಲಿ ಗೆರೆಯ ಆರಂಭ ಮತ್ತು ಕೊನೆಯನ್ನು ತಾನಾಗಿ ಸಪೂರ ಮಾಡುವ ಆಯ್ಕೆ ಇದೆ. ಅದನ್ನು ಹಾಕಿಕೊಂಡು ಬಳೆಮಂಟಪದ ಕಲ್ಲಿನ ಬಳೆಗಳನ್ನು ಒಂದೇ ಸುತ್ತಿನಲ್ಲಿ ಎಳೆಯದೆ, ಎರಡು ಅರೆಬಳೆಗಳಾಗಿ ಎಳೆಯಲು ಹೇಳಿ. ಎರಡು ಗೆರೆಗಳ ಸಪೂರ ತುದಿಗಳು ಸೇರುವಲ್ಲಿ ಬೆಳಕು, ನಡುವಿನ ದಪ್ಪದಲ್ಲಿ ನೆರಳು ಬಿದ್ದಂತೆ ಕಾಣುತ್ತದೆ, ಬಳೆ ಗುಂಡಗೆ ಎದ್ದು ಬರುತ್ತದೆ.