ಮನೆಪಾಠದಲ್ಲಿ ಹಣದ ಲೆಕ್ಕ

ಶಾಲೆಗೆ ಹೋಗದೆ ಮನೆಯಲ್ಲಿಯೇ ವಿದ್ಯಾಭ್ಯಾಸ ಮಾಡುವ ಮಕ್ಕಳಿಗೆ ಭಾಷೆ, ಗಣಿತಗಳನ್ನು ಕಲಿಸಲು ಪುಸ್ತಕಗಳು ದೊರೆಯುತ್ತವೆ. ಹಣದ ವ್ಯವಹಾರವನ್ನು ಪುಸ್ತಕದಿಂದ ಕಲಿಸುವುದು ಕಷ್ಟ. ಹಿಂದೆ ಅಂಗಡಿಯ ಗಾದಿಯ ಬದಿಯಲ್ಲಿ ಕುಳಿತ ಬಾಲಕನು ಚಿಲ್ಲರೆ ಎಣಿಸುತ್ತ, ಉದ್ರಿಯ ವಹಿ ನೋಡುತ್ತ ಇದನ್ನು ಕಲಿಯುತ್ತಿದ್ದನು. 2016ರಲ್ಲಿ ಯುಪಿಐ ಬಂದ ಮೇಲೆ ಹಣವು ಕೈಯಿಂದ ಕೈಗೆ ದಾಟುವುದು ಮಗುವಿನ ಕಣ್ಣಿಗೆ ಬೀಳುವುದೇ ಅಪರೂಪವಾಗುತ್ತಿದೆ. ಮೊಬೈಲು ತೋರಿಸಿದರೆ ವಸ್ತು ಸಿಗುತ್ತದೆಂದು ಅದು ಬಲ್ಲದು. ಚೀಲ ಬರಿದಾಯಿತೆಂಬುದನ್ನು ಅರಿಯದು.

ಆಟದ ಮೂಲಕ ಗಹನ ವಿಷಯವನ್ನು ತಿಳಿಸುವುದು ಜೈನ ಪರಂಪರೆಗೆ ಹೊಸದಲ್ಲ. ಹಾವು-ಏಣಿಯಾಟದ ಪೂರ್ವರೂಪವಾದ ಜ್ಞಾನಚೌಪಡದ 84 ಮನೆಗಳ ಪಟವು ಕರ್ಮಸಿದ್ಧಾಂತದ ಪಾಠವೇ ಆಗಿತ್ತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲಿಯೇ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳನ್ನು ವಿಸ್ತಾರವಾಗಿ ಹೇಳಿದ್ದಾರೆ.

ಕೊಲ್ಹಾಪುರ ಭಾಗದ ಮಕ್ಕಳಿಗೆ ಆಟದ ಸಾಮಗ್ರಿ ಸುತ್ತಲೇ ಇದೆ. ಬೆಲ್ಲದ ಲಿಲಾವಿನ ಆಟವನ್ನೇ ನೋಡಬಹುದು. ಒಬ್ಬನು ರೈತ, ಒಬ್ಬನು ದಲಾಲ, ಉಳಿದವರು ವ್ಯಾಪಾರಿಗಳು. ಕ್ವಿಂಟಲಿಗೆ 4,000 ರೂಪಾಯಿ ಎಂದು ಕೂಗು ನಿಂತರೆ 30 ಕಿಲೋದ ಒಂದು ಪೆಂಟೆಗೆ 1,200 ರೂಪಾಯಿ. ಅದರಲ್ಲಿ ಹಮಾಲಿ, ಗಾಡಿಬಾಡಿಗೆ, ಗಾಣದ ಖರ್ಚು ಕಳೆದು ಉಳಿದುದೆಷ್ಟೆಂದು ರೈತನಾದ ಮಗುವೇ ಬರೆಯಬೇಕು. ಗಡಹಿಂಗ್ಲಜದ ಮಕ್ಕಳು ಬೆಲ್ಲದ ಬದಲು ಮೆಣಸಿನಕಾಯಿ ಇಟ್ಟುಕೊಳ್ಳಬಹುದು. ಸೀನು ಬರುವುದೊಂದೇ ತೊಂದರೆ.

ಇಚಲಕರಂಜಿಯಲ್ಲಿ ವಿಠ್ಠಲರಾವ ದಾತಾರರು 1904ರಲ್ಲಿ ಮೊದಲ ಯಂತ್ರಮಗ್ಗವನ್ನು ಸ್ಥಾಪಿಸಿದರು. ಅಲ್ಲಿ ಮಗ್ಗದ ಆಟ ಸಹಜ. ವ್ಯಾಪಾರಿಯು ನೂಲು ಕೊಡುತ್ತಾನೆ, ಮಗ್ಗದವನು ಬಟ್ಟೆ ಮರಳಿಸಿ ಮೀಟರಿನ ಮೇಲೆ ಕೂಲಿ ಪಡೆಯುತ್ತಾನೆ. ಚೀಟಿ ಎತ್ತಿದಾಗ ‘ವಿದ್ಯುತ್ ಬಿಲ್ಲು ಬಂತು’, ‘ಮಗ್ಗ ನಿಂತಿತು’ ಎಂದು ಬಂದರೆ, ಕೂಡಿಟ್ಟ ಹಣವಿಲ್ಲದವನು ಸಾಲಕ್ಕೆ ಕೈಚಾಚಬೇಕು.

ಸಾಲದ ಪಾಠಕ್ಕೆ ಹುಣಸೆಬೀಜಗಳು ಸಾಕು. ನೂರು ಬೀಜ ಸಾಲ, ಸುತ್ತಿಗೆ ನೂರಕ್ಕೆ ಹತ್ತು ಬಡ್ಡಿ. ಸರಳಬಡ್ಡಿಯಾದರೆ ಹತ್ತು ಸುತ್ತಿನ ಕೊನೆಗೆ ಅಸಲು-ಬಡ್ಡಿ ಸೇರಿ 200 ಬೀಜ. ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರೆ, ಪ್ರತಿ ಸುತ್ತಿನ ಭಿನ್ನರಾಶಿಯನ್ನು ಕೈಬಿಟ್ಟರೂ 256 ಬೀಜ. ಮೊದಲ ಸುತ್ತಿನಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಎರಡನೆಯದರಲ್ಲಿ ಒಂದೇ ಬೀಜ. ಮಕ್ಕಳು ಅಲ್ಲಿ ನಕ್ಕುಬಿಡುತ್ತಾರೆ. ಏಳೆಂಟನೆಯ ಸುತ್ತಿನಲ್ಲಿ ಸಾಲಗಾರನ ಮುಂದಿನ ರಾಶಿ ಕರಗಿ ಸಾಹುಕಾರನ ರಾಶಿ ಏರುವಾಗ ನಗು ನಿಲ್ಲುತ್ತದೆ. ಹಿರಿಯರು ಆಗ ಉಪದೇಶಕ್ಕೆ ತೊಡಗದೆ, ಸಾಲ ಯಾವುದಕ್ಕಾಗಿ ತಂದೆ ಎಂದು ಮಾತ್ರ ಕೇಳಬೇಕು. ಮಗ್ಗಕ್ಕೆ ತಂದ ಸಾಲ, ಹಬ್ಬದ ಸಡಗರಕ್ಕೆ ತಂದ ಸಾಲ ಇವೆರಡರ ಅಂತರವು ಆ ಉತ್ತರದಲ್ಲಿ ತಾನಾಗಿ ಹೊರಬೀಳುತ್ತದೆ.

ಪೇಟೆಯಲ್ಲಿ ಸಿಗುವ ‘ವ್ಯಾಪಾರ’ದ ಆಟವೂ ಉಪಯುಕ್ತವೇ, ಆದರೆ ಉಳಿದವರೆಲ್ಲ ದಿವಾಳಿಯಾದಾಗಲೇ ಅದರಲ್ಲಿ ಗೆಲುವು. ಇಂಥ ಆಟಗಳ ಮೂಲವಾದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ಗೆ 1904ರಲ್ಲಿ ಪೇಟೆಂಟ್ ಪಡೆದ ಅಮೇರಿಕೆಯ ಎಲಿಜಬೆತ್ ಮ್ಯಾಗಿಯವರ ಉದ್ದೇಶ ಬೇರೆಯಾಗಿತ್ತು: ಭೂಮಿ ಕೆಲವರ ಕೈಸೇರಿದರೆ ಉಳಿದವರ ಗತಿಯೇನೆಂದು ತೋರಿಸುವುದು. ಶ್ರಾವಕರ ಮನೆಯಲ್ಲಿ ಒಂದು ನಿಯಮ ಸೇರಿಸಬಹುದು. ಪರಿಗ್ರಹಪರಿಮಾಣ ವ್ರತದಂತೆ ಪ್ರತಿಯೊಬ್ಬನೂ ಆರಂಭದಲ್ಲಿಯೇ ತನ್ನ ಮಿತಿಯನ್ನು ಬರೆದಿಡಲಿ. ಮೀರಿದುದು ದಾನದ ಡಬ್ಬಿಗೆ ಹೋಗಲಿ. ಮಿತಿಯನ್ನು ಲಕ್ಷವೆಂದು ಬರೆಯುವ ಜಾಣರೂ ಇರುತ್ತಾರೆ. ಅವರ ಚೀಟಿಯನ್ನು ಎಲ್ಲರೆದುರು ಓದಿದರೆ ಸಾಕು.

ಆಟ ಮುಗಿದ ಮೇಲೆ ಬೀಜಗಳನ್ನೆಣಿಸಿ ಡಬ್ಬಿಗೆ ತುಂಬುವ ಕೆಲಸವೂ ಮಕ್ಕಳದೇ. ಒಂದು ಬೀಜ ಕಡಿಮೆ ಬಂದರೆ ವಹಿ ತೆರೆದು ಹುಡುಕಲಿ.