ಕೈಕುಲುಕಿದ ಮೇಲೆ ಶುರುವಾಗುವ ಪಾಠ

ಚೆಸ್‌ನಲ್ಲಿ ಮುಂದೆ ಬರಲು ಏನು ಮಾಡಬೇಕು ಎಂದು ಕೇಳುವವರಿಗೆ ನಾನೀಗ ಒಂದೇ ಮಾತು ಹೇಳುತ್ತೇನೆ: ಆಟ ಮುಗಿದ ತಕ್ಷಣ ಎದ್ದು ಹೋಗಬೇಡಿ. ಎದುರಿಗೆ ಕೂತಿದ್ದವರನ್ನು ಕರೆದುಕೊಂಡು ಹಾಲ್‌ನ ಹೊರಗೆ ಬನ್ನಿ, ಒಂದು ಬೋರ್ಡ್ ಹುಡುಕಿ, ಮೊದಲ ನಡೆಯಿಂದ ಆಟವನ್ನು ಮತ್ತೆ ಇಡಿ. ಪುಸ್ತಕ, ಕೋಚ್, ಆ್ಯಪ್, ಎಂಜಿನ್ ಎಲ್ಲವೂ ಬೇಕು. ಆದರೆ ನಮ್ಮ ಕಣ್ಣಿಗೆ ಬೀಳದೇ ಹೋದದ್ದು ಏನು ಎಂಬುದನ್ನು ಹೇಳಬಲ್ಲವರು ಒಬ್ಬರೇ. ಅದೇ ಹೊತ್ತಿನಲ್ಲಿ ಅದೇ ಬೋರ್ಡನ್ನು ಆ ಬದಿಯಿಂದ ನೋಡುತ್ತಿದ್ದವರು.

ನಾನು ಕೆಲಸಕ್ಕೆ ಸೇರಿದ ಮೇಲೆ ರೇಟಿಂಗ್ ಟೂರ್ನಿಗಳಿಗೆ ಹೋಗಲು ಶುರುಮಾಡಿದವನು. ಮೈಸೂರು, ಶಿವಮೊಗ್ಗ, ಮಂಗಳೂರು ಎಂದು ರಜೆ ಹೊಂದಿಸಿಕೊಂಡು ತಿರುಗುವ ಹವ್ಯಾಸಿ. ಇಂಥ ಓಪನ್ ಟೂರ್ನಿಗಳ ವಾತಾವರಣ ಎಲ್ಲ ಊರಿನಲ್ಲೂ ಒಂದೇ. ಕಲ್ಯಾಣ ಮಂಟಪದಲ್ಲೋ ಕಾಲೇಜಿನ ಹಾಲ್‌ನಲ್ಲೋ ಸಾಲು ಮೇಜು, ಗೋಡೆಗೆ ಅಂಟಿಸಿದ ಪೇರಿಂಗ್ ಪಟ್ಟಿ, ಅದರ ಮುಂದೆ ನೂಕುನುಗ್ಗಲು. ನಿವೃತ್ತ ಮೇಷ್ಟರ ಎದುರಿಗೆ ನಾಲ್ಕನೇ ಕ್ಲಾಸಿನ ಹುಡುಗಿ ಕೂತಿರುತ್ತಾಳೆ. ಇಬ್ಬರಿಗೂ ಒಂದೇ ಗಡಿಯಾರ, ಒಂದೇ ನಿಯಮ. ವಯಸ್ಸು, ಓದು, ಹುದ್ದೆ ಯಾವುದರ ಆಟವೂ ಅಲ್ಲಿ ನಡೆಯುವುದಿಲ್ಲ. ಈ ಆಟದಲ್ಲಿ ನನ್ನ ಮನಸ್ಸು ಗೆದ್ದ ಮೊದಲ ಸಂಗತಿಯೇ ಅದು.

ದೊಡ್ಡ ಆಟಗಾರರು ನಮಗಿಂತ ಎಷ್ಟೋ ನಡೆ ಮುಂದೆ ನೋಡುತ್ತಾರೆ, ಅದಕ್ಕೇ ಗೆಲ್ಲುತ್ತಾರೆ ಎಂದು ಎಲ್ಲರಂತೆ ನಾನೂ ನಂಬಿದ್ದೆ. ನೆದರ್‌ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಇದನ್ನೇ ಪರೀಕ್ಷೆಗೆ ಒಡ್ಡಿದರು. ವಿಶ್ವ ಚಾಂಪಿಯನ್ನರಾಗಿದ್ದ ಅಲೆಖಿನ್ ಮತ್ತು ಯೂವೆ ಅವರಿಂದ ಹಿಡಿದು ಕ್ಲಬ್ ಆಟಗಾರರವರೆಗೆ ಹಲವರ ಮುಂದೆ ಒಂದೊಂದು ಸ್ಥಿತಿ ಇಟ್ಟು, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಿ ಬರೆದುಕೊಂಡರು. ಆ ಅಧ್ಯಯನ 1946ರಲ್ಲಿ ಹೊರಬಂತು. ಗ್ರ್ಯಾಂಡ್‌ಮಾಸ್ಟರ್‌ಗಳು ಉಳಿದ ಒಳ್ಳೆಯ ಆಟಗಾರರಿಗಿಂತ ಹೆಚ್ಚೇನೂ ಆಳಕ್ಕೆ ಲೆಕ್ಕ ಹಾಕುತ್ತಿರಲಿಲ್ಲ. ಸರಿಯಾದ ನಡೆ ಅವರಿಗೆ ಬೇಗ ಕಾಣುತ್ತಿತ್ತು, ಅಷ್ಟೇ. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದನ್ನು ಮುಂದುವರಿಸಿದರು. ನಿಜವಾದ ಆಟದ ಸ್ಥಿತಿಯೊಂದನ್ನು ಐದು ಸೆಕೆಂಡ್ ತೋರಿಸಿದರೆ ಮಾಸ್ಟರ್ ಆದವರು ಬಹುಪಾಲು ಕಾಯಿಗಳನ್ನು ಸರಿಯಾದ ಮನೆಯಲ್ಲೇ ಇಡುತ್ತಿದ್ದರು. ಅವೇ ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ಅವರಿಗೂ ಹೊಸಬರಿಗೂ ಇದ್ದ ಅಂತರ ಹೆಚ್ಚುಕಡಿಮೆ ಮಾಯವಾಯಿತು.

ಅಂದರೆ ಅವರಲ್ಲಿರುವುದು ವಿಶೇಷ ಜ್ಞಾಪಕಶಕ್ತಿಯಲ್ಲ, ಬೋರ್ಡಿನೊಡನೆ ಬೆಳೆದ ಪರಿಚಯ. ಇದನ್ನು ಓದಿದಾಗ ನನಗೆ ದೊಡ್ಡ ಧೈರ್ಯ ಬಂತು. ಪರಿಚಯವನ್ನು ಯಾವ ವಯಸ್ಸಿನಲ್ಲೂ ಬೆಳೆಸಿಕೊಳ್ಳಬಹುದು. ಪುಟದ ಮೇಲೆ ನೋಡಿದ ನೂರು ಸ್ಥಿತಿಗಳು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಎದುರಾಳಿಯೊಂದಿಗೆ ಕೂತು, ವಾದಿಸಿ, ಕಾಯಿಗಳನ್ನು ಹಿಂದೆ ಮುಂದೆ ಸರಿಸಿ ನೋಡಿದ ಸ್ಥಿತಿಗಳು ಮಾತ್ರ ಇಂದಿಗೂ ಕಣ್ಣ ಮುಂದಿವೆ.

ಆದರೆ ಪರಿಚಯಕ್ಕೂ ಒಂದು ಅಪಾಯವಿದೆ. 2008ರಲ್ಲಿ ಬಿಲಾಲಿಚ್, ಮೆಕ್‌ಲಿಯೋಡ್, ಗೋಬೆ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿಕೊಟ್ಟಿತು. ಅವರು ಕೊಟ್ಟ ಸ್ಥಿತಿಯಲ್ಲಿ ಎರಡು ದಾರಿಗಳಿದ್ದವು. ಒಂದು, ರಾಣಿಯನ್ನು ಬಲಿಕೊಟ್ಟು ಕುದುರೆಯಿಂದ ಚೆಕ್‌ಮೇಟ್ ಮಾಡುವ, ಎಲ್ಲರಿಗೂ ಗೊತ್ತಿರುವ ಐದು ನಡೆಯ ದಾರಿ. ಇನ್ನೊಂದು, ಅಷ್ಟು ಪ್ರಸಿದ್ಧವಲ್ಲದ ಮೂರೇ ನಡೆಯ ದಾರಿ. ಪಳಗಿದ ಆಟಗಾರರು ಮೊದಲನೆಯದನ್ನು ಕಂಡುಹಿಡಿದ ಮೇಲೆ ಇನ್ನೂ ಚಿಕ್ಕದನ್ನು ಹುಡುಕುತ್ತಿದ್ದೇವೆ ಎಂದರು. ಅವರ ಕಣ್ಣಿನ ಚಲನೆಯನ್ನು ಅಳೆಯುತ್ತಿದ್ದ ಯಂತ್ರ ಬೇರೆಯೇ ಹೇಳಿತು. ಅವರ ನೋಟ ಆ ಮೊದಲ ಉಪಾಯದ ಮನೆಗಳಲ್ಲೇ ಸುತ್ತುತ್ತಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಹುಡುಕುತ್ತಿದ್ದೇವೆ ಎಂದೇ ನಂಬಿದ್ದರು.

ಬೋರ್ಡಿನ ಮುಂದೆ ಕೂತವರ ನಿಜವಾದ ಕಷ್ಟ ಇದು. ನಮ್ಮ ಗಮನ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ನಮಗೇ ತಿಳಿಯುವುದಿಲ್ಲ.

ಒಮ್ಮೆ ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬನ ಜತೆ ಆಡಿ ಗೆದ್ದೆ. ನನ್ನ ಕುದುರೆ ಬೋರ್ಡಿನ ನಡುಮಧ್ಯೆ ಭದ್ರವಾಗಿ ಕೂತಿತ್ತು, ಅದರ ಬಲದಿಂದಲೇ ಗೆದ್ದೆ ಎಂಬ ಲೆಕ್ಕ ನನ್ನದು. ಹೊರಗೆ ಬಂದು ಬೋರ್ಡ್ ಇಟ್ಟಾಗ ಅವನು ತಲೆ ಅಲ್ಲಾಡಿಸಿದ. "ಅಂಕಲ್, ನಿಮ್ಮ ಕುದುರೆಯಿಂದ ನಂಗೇನೂ ತೊಂದರೆ ಇರ್ಲಿಲ್ಲ. ಈ ಮೂಲೆ ಪಾನ್ ಓಡುತ್ತೆ ಅಂತಾನೇ ಭಯ ಇತ್ತು" ಎಂದು ಆ ಪಾನನ್ನು ಎರಡು ಮನೆ ಮುಂದಕ್ಕೆ ತಳ್ಳಿದ. ಅದನ್ನು ತಡೆಯಲು ತನ್ನ ಆನೆಯನ್ನು ಹಿಂದಕ್ಕೆ ಕಟ್ಟಿಹಾಕಿಕೊಂಡಿದ್ದು, ಅದರಿಂದ ರಾಜನ ಬದಿ ಬರಿದಾಗಿದ್ದು ಎಲ್ಲವನ್ನೂ ಒಂದೊಂದಾಗಿ ತೋರಿಸಿದ. ಗೆಲುವಿನ ಕಾರಣ ನನ್ನದೇ ಬೋರ್ಡಿನ ಮೇಲಿತ್ತು, ಅದನ್ನು ಎದುರಿಗೆ ಕೂತಿದ್ದ ಮಗುವಿನಿಂದ ಕೇಳಿ ತಿಳಿದುಕೊಂಡೆ. ಅಂದಿನಿಂದ ಗೆದ್ದ ಆಟಗಳನ್ನೂ ಬಿಡದೆ ಕೂತು ನೋಡುತ್ತೇನೆ.

ಇನ್ನೊಂದು ಪಾಠ ಕಲಿಸಿದವರು ಒಬ್ಬ ಅಂಧ ಆಟಗಾರರು. ಕಣ್ಣು ಕಾಣದವರೊಂದಿಗೆ ಆಡುವಾಗ ಎರಡು ಬೋರ್ಡ್ ಇರುತ್ತವೆ. ನಮ್ಮದು ಎಂದಿನ ಬೋರ್ಡ್. ಅವರದರಲ್ಲಿ ಪ್ರತಿ ಮನೆಗೂ ಒಂದು ತೂತು, ಕಪ್ಪು ಮನೆಗಳು ತುಸು ಎತ್ತರ, ಕಪ್ಪು ಕಾಯಿಗಳ ತಲೆಯ ಮೇಲೆ ಬೆರಳಿಗೆ ಸಿಗುವಂತೆ ಒಂದು ಗುರುತು. ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ಟಚ್ ಮೂವ್ ನಿಯಮ ಅಲ್ಲಿ ಬೆರಳಿನಿಂದ ಮುಟ್ಟಿದರೆ ಅನ್ವಯಿಸುವುದಿಲ್ಲ, ತೂತಿನಿಂದ ಎತ್ತಿದರೆ ಅನ್ವಯಿಸುತ್ತದೆ. ಪ್ರತಿ ನಡೆಯನ್ನೂ ಇಬ್ಬರೂ ಗಟ್ಟಿಯಾಗಿ ಹೇಳಬೇಕು. ಎ, ಬಿ, ಸಿ ಸಾಲುಗಳ ಹೆಸರು ಕಿವಿಗೆ ಗೊಂದಲವಾಗಬಾರದೆಂದು ಅನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೀಲಿಕ್ಸ್, ಗುಸ್ತಾವ್, ಹೆಕ್ಟರ್ ಎಂದು ಕರೆಯುವ ಪದ್ಧತಿ ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ.

ನಾನು "ಇವಾ ನಾಲ್ಕು" ಎಂದು ಆಟ ಶುರುಮಾಡಿದೆ. ಗಟ್ಟಿಯಾಗಿ ಹೇಳಬೇಕಾದಾಗ ಕೈ ತಾನಾಗಿ ಓಡುವುದಿಲ್ಲ, ಹೇಳುವ ಮುನ್ನ ಮನಸ್ಸು ಇನ್ನೊಮ್ಮೆ ನೋಡುತ್ತದೆ. ಆಟದ ನಡುವೆ ಅವರ ಬೆರಳುಗಳನ್ನು ಗಮನಿಸಿದೆ. ಎಡಗೈ ತಮ್ಮ ಒಂಟೆಯ ಮೇಲಿತ್ತು. ಬಲಗೈ ಬೆರಳು ಕರ್ಣದುದ್ದಕ್ಕೂ ನಿಧಾನವಾಗಿ ಜಾರಿ, ದಾರಿಗೆ ಅಡ್ಡವಾಗಿದ್ದ ತಮ್ಮದೇ ಕುದುರೆಯನ್ನು ದಾಟಿ, ನನ್ನ ರಾಜನ ಮುಂದಿನ ಮನೆಗೆ ಬಂದು ನಿಂತಿತು. ಮತ್ತೆ ಹಿಂದಕ್ಕೆ ಹೋಯಿತು, ಮತ್ತೆ ಬಂತು. ಆ ಕುದುರೆ ಎದ್ದ ಕೂಡಲೇ ಒಂಟೆಯ ಬಾಯಿ ನನ್ನ ರಾಜನ ಕಡೆಗೆ ತೆರೆಯುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಎದುರಾಳಿಯ ಗಮನ ಎಲ್ಲಿದೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ. ಆಟ ಮುಗಿದ ಮೇಲೆ ಅವರು ಬೋರ್ಡ್ ಮುಟ್ಟದೆ ಇಡೀ ಆಟವನ್ನು ಮೊದಲಿನಿಂದ ಹೇಳುತ್ತಾ ಹೋದರು, ನಾನು ಕಾಯಿ ಇಡುತ್ತಾ ಹೋದೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ ದೃಷ್ಟಿದೋಷದ ನಡುವೆಯೂ ಚೆಸ್ ಆಡಿ 2018ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು. ಅವರ ಸಾಧನೆಯ ಹಿಂದಿನ ಶಿಸ್ತು ಎಂಥದ್ದು ಎಂಬುದು ನನಗೆ ಆ ದಿನ ಸ್ವಲ್ಪ ಅರ್ಥವಾಯಿತು.

ಈಗ ಎದುರಿಗೆ ಯಾರೇ ಕೂತಿರಲಿ, ಅವರು ದೀರ್ಘವಾಗಿ ಯೋಚಿಸುವಾಗ ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ: ಇವರ ಬೆರಳು ಈಗ ಎಲ್ಲಿ ಓಡಾಡುತ್ತಿದ್ದೀತು? ನಡೆ ಬಂದ ಮೇಲೆ ಇನ್ನೊಂದು ಪ್ರಶ್ನೆ: ಈ ನಡೆಯಿಂದ ಏನು ಬದಲಾಯಿತು? ಇದು ನಮ್ಮಂಥವರಿಗಷ್ಟೇ ಬೇಕಾದ ಅಭ್ಯಾಸವಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಮತ್ತು ಕೊನೆಯ ಆಟದಲ್ಲಿ ಡಿಂಗ್ ಲಿರೆನ್ 55ನೇ ನಡೆಯಾಗಿ ಆನೆಯನ್ನು ಎಫ್2 ಮನೆಗೆ ತಂದರು. ಅದು ಪಂದ್ಯವನ್ನೇ ಕೈಬಿಟ್ಟ ತಪ್ಪು. ಎದುರಾಳಿ ಗುಕೇಶ್‌ಗೆ ಅದು ತಕ್ಷಣ ಕಾಣಲಿಲ್ಲ, ಬೇರೆ ನಡೆ ಆಡುವುದರಲ್ಲಿದ್ದೆ ಎಂದು ಅವರೇ ಆಮೇಲೆ ಹೇಳಿದರು. ಆದರೆ ಕೈ ಹಾಕುವ ಮುನ್ನ ಮತ್ತೊಮ್ಮೆ ನೋಡಿದರು. 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಗೆದ್ದ ಮೇಲೆ ಕಣ್ಣೀರಿನ ನಡುವೆಯೂ ಕಾಯಿಗಳನ್ನೆಲ್ಲ ಅವುಗಳ ಮೊದಲ ಮನೆಗೆ ಮರಳಿಸಿದರು.

ಹಾಗಿದ್ದರೂ ಎದುರಾಳಿಯೊಂದಿಗೆ ಕೂತು ಆಟ ನೋಡುವ ರೂಢಿ ನಮ್ಮಲ್ಲಿ ಕಡಿಮೆಯಾಗುತ್ತಿದೆ. ಮುಖ್ಯ ಕಾರಣ ರೇಟಿಂಗ್ ಹಿಡಿದಿರುವ ಹಿಡಿತ. ಹಾಲ್ ಬಾಗಿಲಲ್ಲಿ ಮಗು ಕಾಣಿಸಿದ ಕೂಡಲೆ ಕೇಳಿಬರುವ ಪ್ರಶ್ನೆ "ಏನಾಯ್ತು?", ಅದರ ಹಿಂದೆಯೇ "ಎಷ್ಟು ಹೋಯ್ತು?" ಸೋತ ಮಗುವಿನ ಕಣ್ಣು ಆಗ ಬೋರ್ಡಿನಿಂದ ಪೂರ್ತಿ ಬೇರೆ ಕಡೆಗೆ ಹೋಗುತ್ತದೆ. ದೊಡ್ಡವರೂ ಇದರಿಂದ ಹೊರತಲ್ಲ.

ಇಂಥವರಿಗೆ ರೇಟಿಂಗ್ ಎಂದರೆ ಏನು ಎಂದು ಬಿಡಿಸಿ ಹೇಳಬೇಕು. ಭೌತಶಾಸ್ತ್ರದ ಪ್ರೊಫೆಸರ್ ಅರ್ಪಾದ್ ಈಲೋ ರೂಪಿಸಿದ, ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ 1970ರಲ್ಲಿ ಒಪ್ಪಿಕೊಂಡ ಈ ಪದ್ಧತಿ ಯಾರ ಬುದ್ಧಿಯನ್ನೂ ಅಳೆಯುವುದಿಲ್ಲ. ಇಬ್ಬರು ಆಡಿದರೆ ಯಾರಿಗೆ ಎಷ್ಟು ಅಂಕ ಬರಬಹುದು ಎಂಬ ಅಂದಾಜನ್ನಷ್ಟೇ ಕೊಡುತ್ತದೆ. ನಿಮ್ಮ ರೇಟಿಂಗ್ 200 ಹೆಚ್ಚಿದ್ದರೆ ನೂರು ಆಟದಲ್ಲಿ ನಿಮಗೆ ಸುಮಾರು 76 ಅಂಕ. ಉಳಿದ 24 ಎದುರಾಳಿಗೆ ಎಂದು ಲೆಕ್ಕ ಮೊದಲೇ ಒಪ್ಪಿಕೊಂಡಿದೆ. ಮೇಲಾಗಿ ಮಕ್ಕಳ ಆಟ ಅವರ ರೇಟಿಂಗ್‌ಗಿಂತ ವೇಗವಾಗಿ ಬೆಳೆಯುತ್ತದೆ. ಅದಕ್ಕೆಂದೇ 18 ವರ್ಷದೊಳಗಿನವರ ರೇಟಿಂಗ್, 2300 ಮುಟ್ಟುವವರೆಗೆ, ನಮ್ಮಂಥ ವಯಸ್ಕರದಕ್ಕಿಂತ ದುಪ್ಪಟ್ಟು ವೇಗದಲ್ಲಿ ಏರಿಳಿಯುವಂತೆ ನಿಯಮವಿದೆ. ಹಾಗೆ ಬೆಳೆಯುತ್ತಿರುವ ಮಗುವಿಗೆ ಸೋತರೆ ಅವಮಾನವೇನಿಲ್ಲ. 2024ರ ಮಾರ್ಚ್‌ನಲ್ಲಂತೂ ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿ, 2000ಕ್ಕಿಂತ ಕೆಳಗಿದ್ದವರೆಲ್ಲರ ರೇಟಿಂಗನ್ನು ಒಂದೇ ದಿನದಲ್ಲಿ ಮೇಲಕ್ಕೆತ್ತಿತು. ಆ ದಿನ ನಮ್ಮ ಆಟ ಒಂದು ಎಳೆಯಷ್ಟೂ ಬದಲಾಗಿರಲಿಲ್ಲ.

ಇನ್ನೊಂದು ಕಾರಣ ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ಆಟ ಮುಗಿಸಿ ಮೆಟ್ಟಿಲಿಳಿಯುವಷ್ಟರಲ್ಲಿ ಮೊಬೈಲ್ ತೀರ್ಪು ಕೊಟ್ಟುಬಿಡುತ್ತದೆ. ನಾನೂ ಎಂಜಿನ್ ಬಳಸುತ್ತೇನೆ, ಆದರೆ ರಾತ್ರಿ, ಎಲ್ಲ ಮಾತು ಮುಗಿದ ಮೇಲೆ. ಅದು ಅತ್ಯುತ್ತಮ ನಡೆ ಯಾವುದೆಂದು ಹೇಳುತ್ತದೆ. ಎದುರಿಗಿದ್ದವರು ಯಾವುದಕ್ಕೆ ಹೆದರಿದರು, ಎಲ್ಲಿ ಆಸೆ ಬಿಟ್ಟರು, ಯಾವ ನಡೆಯನ್ನು ಎಣಿಸಿಯೇ ಇರಲಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. ಮನುಷ್ಯರ ಎದುರು ಆಡುವವರಿಗೆ ಬೇಕಾದದ್ದು ಆ ತಿಳಿವಳಿಕೆ.

ಹೀಗೆ ಕೂತು ನೋಡುವುದಕ್ಕೂ ಒಂದು ಮರ್ಯಾದೆ ಇದೆ. ಸೋತವರು ಮೊದಲು ಮಾತಾಡಲಿ. ಗೆದ್ದವರು ಪಾಠ ಹೇಳಲು ಹೋಗಬಾರದು, ತಮಗೆ ಎಲ್ಲಿ ಕಷ್ಟವಾಯಿತು ಎಂದು ಹೇಳಲಿ. "ಹೀಗೆ ಆಡಬೇಕಿತ್ತು" ಎನ್ನುವುದಕ್ಕಿಂತ "ಇಲ್ಲಿ ನೀವು ಏನು ನೋಡುತ್ತಿದ್ದಿರಿ?" ಎಂದು ಕೇಳಿದರೆ ಹೆಚ್ಚು ಸಿಗುತ್ತದೆ. ಸೋಲಿನಿಂದ ಕಣ್ಣು ತುಂಬಿದ ಮಗುವನ್ನು ಒತ್ತಾಯ ಮಾಡಬಾರದು. ನೀರು ಕುಡಿದು, ತಿಂಡಿ ತಿಂದು ಬಂದ ಮೇಲೆ ಎಷ್ಟೋ ಮಕ್ಕಳು ತಾವೇ ಬೋರ್ಡ್ ಇಡುತ್ತಾರೆ. ಆಡಿದ್ದರಲ್ಲಿ ಹೊಸದಾಗಿ ತಿಳಿದ ಒಂದು ಸಂಗತಿಯನ್ನು ಸ್ಕೋರ್‌ಶೀಟ್‌ನ ಹಿಂಬದಿಯಲ್ಲಿ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ಈ ಆಟ ನಮ್ಮಲ್ಲಿ ಬೆಳೆದದ್ದೂ ಜನ ಕೂತು ಮಾತಾಡುವ ಜಾಗಗಳಲ್ಲೇ. 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್ ಬಾಲ್ಯದಲ್ಲಿ ಆಡಿ ಪಳಗಿದ್ದು ಚೆನ್ನೈನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ತಾಲ್ ಚೆಸ್ ಕ್ಲಬ್ಬಿನಲ್ಲಿ. ಈಗ ನಮ್ಮ ಮಕ್ಕಳಿಗೆ ಕೋಚ್‌ಗಳಿದ್ದಾರೆ, ಆ್ಯಪ್‌ಗಳಿವೆ. ಕೊರತೆ ಇರುವುದು ಕೂತು ಮಾತಾಡುವ ಜಾಗಕ್ಕೆ.

ಆದ್ದರಿಂದ ಟೂರ್ನಿ ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಹಾಲ್‌ನ ಹೊರಗೆ ನಾಲ್ಕು ಮೇಜು, ನಾಲ್ಕು ಬೋರ್ಡ್ ಇಡಿ. ಅದಕ್ಕೆ ದೊಡ್ಡ ಖರ್ಚಿಲ್ಲ. ತಂದೆತಾಯಿಯರಲ್ಲಿ ಇನ್ನೊಂದು: ಮಗು ಹೊರಬಂದಾಗ ಫಲಿತಾಂಶ ಕೇಳುವ ಮೊದಲು, ಎದುರಿಗೆ ಆಡಿದ ಮಗುವನ್ನೂ ಕರೆದು, ಇಬ್ಬರಿಗೂ ಹತ್ತು ನಿಮಿಷ ಬಿಡುವು ಮಾಡಿಕೊಡಿ.